ಬಾಲ ಕತ್ತರಿಸಿದ ಕುದುರೆ

ನಮ್ಮ ಕಿರ್ಗಿಸರಲ್ಲಿ ಸತ್ತವರ ಕುದುರೆಯ ಬಾಲ ಕತ್ತರಿಸಿ, ಯಾರೂ ಹತ್ತದಂತೆ ಬಿಡುತ್ತಾರೆ. ವರ್ಷದ ತಿಥಿಯ ಊಟಕ್ಕೆ ಅದನ್ನೇ ಕಡಿಯುತ್ತಾರೆ. ನನ್ನ ಗಂಡ ತುರ್ದುಮತ್ ತೀರಿಕೊಂಡ ಮೇಲೆ ಅವರ ಕುದುರೆ ಯಾರನ್ನೂ ಹತ್ತಿರ ಸೇರಿಸಿರಲಿಲ್ಲ. ತಿಥಿಗೆ ಮೂರು ದಿನವಿರುವಾಗ, ಅದನ್ನು ನನಗೆ ಉಳಿಸಿಕೊಡು ಎಂದು ಮೈದುನ ಎಸೆನ್‌ನನ್ನು ಕೇಳಿದೆ.

“ಅತ್ಗೆ, ಆ ರಾಕ್ಷಸನ್ನ ತೊರೆ ತನಕ ನಡೆಸ್ಕೊಂಡು ಹೋಗಿ ಬನ್ನಿ. ನಿಮ್ಮ ಹಲ್ಲು ಉಳಿದಿದ್ರೆ ಕುದುರೆ ನಿಮ್ದೇ,” ಎಂದು ನಕ್ಕ.

ಬೆಳಗಿನ ಬಿಸಿಲಲ್ಲಿ ಹಗ್ಗ ಹಿಡಿದೆ. ಕುದುರೆ ಹಿಂದಕ್ಕೆ ಜಗ್ಗಿತು. ನಾನು ಎಳೆಯದೆ ಹಿಡಿದು ನಿಂತೆ. ಅದು ಒಂದು ಹೆಜ್ಜೆ ಮುಂದಿಟ್ಟಾಗ ಸಡಿಲಿಸಿದೆ. ಹೀಗೆ ಎಷ್ಟೋ ಸಲವಾದ ಮೇಲೆ ಅದು ಒಮ್ಮೆಲೇ ತಲೆ ತಗ್ಗಿಸಿ, ಶಾಂತವಾಗಿ ನಡೆಯತೊಡಗಿತು. ಮಳೆಯಲ್ಲಿ ನೆನೆದಾಗ ನನ್ನ ಗಂಡನ ಉಣ್ಣೆಯಂಗಿಗೆ ಬರುತ್ತಿದ್ದ ವಾಸನೆ ಬಂತು. ಮಳೆ ಬಂದು ತಿಂಗಳಾಗಿತ್ತು. ತೊರೆಯ ಬಳಿ ನಾನು ನಿಂತೆ, ಅದೂ ನಿಂತಿತು. ನನ್ನತ್ತ ನೋಡದೆ, ನಮ್ಮಿಬ್ಬರ ನಡುವಿನ ಖಾಲಿ ಜಾಗವನ್ನು ಮೂಸಿತು.

ಹಿಂತಿರುಗಿದಾಗ ಎಸೆನ್ ನಗಲಿಲ್ಲ. “ಕುದುರೆ ನಿಮ್ದೇ ಅತ್ಗೆ,” ಎಂದವನು ಎದೆಯ ಮೇಲೆ ಕೈಯಿಟ್ಟು, ಹಿರಿಯರಿಗೆ ಮಾಡುವಂತೆ, ನನ್ನ ಹಿಂದಕ್ಕೆ ನೋಡಿ ತಲೆಬಾಗಿದ.

ಆಗ ನಾನೂ ತಿರುಗಿ ನೋಡಿದೆ. ಹಗ್ಗ ನನ್ನ ಕೈಯಿಂದ ಜೋತುಬಿದ್ದು, ನಡುವೆ ಎದೆಯೆತ್ತರಕ್ಕೆ ಏರಿ, ಮತ್ತೆ ಜೋತುಬಿದ್ದು ಕುದುರೆಯನ್ನು ಸೇರಿತ್ತು.