ಜೊತೆಗೆ ಬಂದ ರಕ್ತ

“ನಿನ್ನೆ ಪೆಟ್ಟಿಗೇಲಿ ಐಸ್ ಹಾಕಿದ್ರಾ ಐಸಣ್ಣ, ಇಲ್ಲಾ ಬಿಸಿಲಲ್ಲಿ ಒಣಗಿಸ್ಕೊಂಡು ಬಂದ್ರಾ?”

ರಕ್ತ ಪರೀಕ್ಷಿಸುವ ಹುಡುಗಿಯ ಈ ಮಾತಿಗೆ ಲ್ಯಾಬಿನವರೆಲ್ಲ ತಿರುಗಿ ನೋಡಿದರು. ಆಸ್ಪತ್ರೆಗಳಿಂದ ರಕ್ತ ತರುವ ವ್ಯಾನಿನ ಡ್ರೈವರ್ ಬಾಗಿಲಲ್ಲೇ ನಿಂತ. ಅವನನ್ನು ಐಸಣ್ಣ ಎಂದು ಕರೆಯದವಳು ಇಷ್ಟು ದಿನ ಅವಳೊಬ್ಬಳೇ. “ಇಲ್ಲಿ ಕೇಳಿ” ಎಂದೇ ಸುಧಾರಿಸಿದ್ದಳು. ಅಣ್ಣ ಅನ್ನಲು ನಾಲಿಗೆ ಹೊರಳುತ್ತಿರಲಿಲ್ಲ. ಯಾಕೆಂದು ಅವಳಿಗೂ ಗೊತ್ತಿತ್ತು, ಪೆಟ್ಟಿಗೆ ಕೊಡುವಾಗ ಒಂದು ಗಳಿಗೆ ಹೆಚ್ಚೇ ನಿಲ್ಲುತ್ತಿದ್ದ ಅವನಿಗೂ ಗೊತ್ತಿತ್ತು.

“ಐಸ್ ತುಂಬಾ ಇತ್ತು ಮೇಡಂ.”

“ಹಾಗಾದ್ರೆ ಎಂಜೈಮ್ ಹೇಗೆ ಸತ್ತೋಯ್ತು? ಪಾಪ, ಆ ಕೂಸಿಗೆ ಮತ್ತೆ ಸೂಜಿ ಚುಚ್ಚಬೇಕು. ನಿಮಗೇನು, ಗಾಡಿ ಓಡಿಸಿದ್ರೆ ಆಯ್ತು.”

ಅವನು ಪೆಟ್ಟಿಗೆ ಇಟ್ಟು ಹೊರಟುಹೋದ.

ಹಾಲು ಕುಡಿದಷ್ಟೂ ಸೊರಗುತ್ತಿದ್ದ ಹಸುಗೂಸು ಅದು. ಹಾಲಿನ ಸಕ್ಕರೆಯನ್ನು ಮೈಗೆ ಒಗ್ಗಿಸುವ ಎಂಜೈಮ್ ಅದರ ರಕ್ತದಲ್ಲಿ ಕೆಲಸ ಮಾಡುತ್ತಿದೆಯೇ ಎಂದು ನೋಡಬೇಕಿತ್ತು. ಬಿಸಿ ತಗುಲಿದರೆ ಆ ಎಂಜೈಮ್ ದಾರಿಯಲ್ಲೇ ಸಾಯುತ್ತದೆ. ಅದಕ್ಕೇ ಕೂಸಿನ ರಕ್ತದ ಜೊತೆ ಗಟ್ಟಿಮುಟ್ಟಾದವರೊಬ್ಬರ ರಕ್ತವನ್ನೂ ಅದೇ ಪೆಟ್ಟಿಗೆಯಲ್ಲಿ ಕಳಿಸುತ್ತಾರೆ. ಅದು ಚೆನ್ನಾಗಿದ್ದರೆ ದಾರಿಯಲ್ಲಿ ಏನೂ ಕೆಟ್ಟಿಲ್ಲ ಎಂದರ್ಥ. ಈ ಸಲ ಕೂಸಿನದರಲ್ಲಿ ಎಂಜೈಮಿನ ಸದ್ದೇ ಇಲ್ಲ, ಜೊತೆಗೆ ಬಂದದ್ದರಲ್ಲೂ ಅರ್ಧ. ಐಸ್ ಕರಗಿದೆ ಎಂದು ಅವಳು ತೀರ್ಮಾನಿಸಿಬಿಟ್ಟಿದ್ದಳು.

ಮಧ್ಯಾಹ್ನ ಹಿರಿಯ ಡಾಕ್ಟರಮ್ಮ ಬಂದರು. “ಎರಡನೇ ಎಂಜೈಮ್ ನೋಡಿದ್ಯೇನಮ್ಮಾ?”

ನೋಡಿರಲಿಲ್ಲ. ಬಿಸಿಗೆ ಇನ್ನೂ ಬೇಗ ಸಾಯುವ ಮತ್ತೊಂದು ಎಂಜೈಮನ್ನು ಅಳೆದು ಆಮೇಲೆ ಬಾಯಿ ಬಿಡಬೇಕು ಎಂಬುದು ಅವಳೇ ಹೊಸಬರಿಗೆ ಹೇಳಿಕೊಡುತ್ತಿದ್ದ ಪಾಠ. ಈಗ ಅಳೆದಳು. ಎರಡೂ ರಕ್ತದಲ್ಲಿ ಅದು ಕಲ್ಲುಗುಂಡಿನಂತಿತ್ತು. ಐಸ್ ಕರಗಿರಲಿಲ್ಲ. ಕೂಸಿನ ರೋಗ ನಿಜವಾಗಿತ್ತು.

“ಪುಣ್ಯಕ್ಕೆ ಅನುಮಾನದ ಮೇಲೆ ಹಾಲು ಮೊದ್ಲೇ ನಿಲ್ಸಿದಾರೆ. ಆದ್ರೆ ಕೂಸಿಗೆ ಸುಮ್ನೆ ಇನ್ನೊಂದ್ಸಲ ಚುಚ್ಚಿದ್ದಾಯ್ತು,” ಎಂದರು, ಫಲಿತಾಂಶ ನೋಡಿ ಒಂದು ಫೋನ್ ಮಾಡಿ ಬಂದ ಡಾಕ್ಟರಮ್ಮ. “ಜೊತೆ ರಕ್ತ ಯಾರದ್ದು ಗೊತ್ತಾ? ಅಲ್ಲಿ ಯಾರೂ ಸಿಗ್ಲಿಲ್ಲಾಂತ ನಮ್ಮ ಐಸಣ್ಣನೇ ತೋಳು ಚಾಚಿದ್ನಂತೆ. ಅವನ ಎಂಜೈಮ್ ಹುಟ್ಟಿನಿಂದಲೇ ಅರ್ಧ. ಅವನಿಗೇನೂ ತೊಂದರೆ ಇಲ್ಲ. ಮದ್ವೆ ಆಗೋಳದ್ದೂ ಅರ್ಧ ಇದ್ರೆ ಮಕ್ಕಳಿಗೆ ಈ ರೋಗ ಬರಬಹುದು, ಅಷ್ಟೆ. ಫೋನಲ್ಲಿ ಅವನಿಗೆ ಹೇಳ್ದೆ. ನಿನಗೂ ಹೇಳ್ಬಹುದಾ ಅಂತ ಅವನ್ನ ಕೇಳ್ದೆ. ಹೇಳಿ ಅಂದ. ನಾಳೆಯಿಂದ ಬೇರೆ ರೂಟ್ ಕೊಡಿ ಅಂತಾನೂ ಅಂದ.”

ಅವಳಿಗೆ ಮುಖ ಎಲ್ಲಿಡಬೇಕೋ ತಿಳಿಯಲಿಲ್ಲ. ಸುಮ್ಮನೆ ಕೈ ತೊಳೆದಳು. ಮತ್ತೆ ತೊಳೆದಳು. ಹತ್ತು ಜನರ ಮುಂದೆ ಬೈದು ಮೂಲೆಯಲ್ಲಿ ಕ್ಷಮೆ ಕೇಳುವುದು ನ್ಯಾಯವಲ್ಲ. ಮೊದಲು ಎಲ್ಲರನ್ನೂ ಕೂಗಿ, “ತಪ್ಪು ನಂದು, ಅವರದ್ದಲ್ಲ,” ಎಂದಳು. ಆಮೇಲೆ ಇನ್ನೊಂದು ಸಣ್ಣ ಕೆಲಸ ಮುಗಿಸಿ ಹಿತ್ತಲಿಗೆ ಹೋದಳು. ಸಂಜೆಯ ಸುತ್ತಿಗೆಂದು ವಾಪಸ್ ಬಂದಿದ್ದ ಅವನು ಪೆಟ್ಟಿಗೆಗೆ ಹೊಸ ಐಸ್ ತುಂಬುತ್ತಿದ್ದ.

“ಇಲ್ಲಿ ಕೇಳಿ.”

“ಐಸಣ್ಣ ಅನ್ನಿ ಮೇಡಂ. ಬೆಳಿಗ್ಗೆ ಅಂದ್ರಲ್ಲ.”

“ತಪ್ಪಾಯ್ತು. ನೋಡ್ಬೇಕಾದ್ದನ್ನ ನೋಡ್ದೆ ಬಾಯಿ ಬಿಟ್ಟೆ.”

“ಬೈದದ್ದು ಬಿಡಿ, ದಿನಾ ಯಾರಾದ್ರೂ ಬೈತಾರೆ. ಅಣ್ಣ ಅಂದ್ರಲ್ಲ, ಅದು ನುಂಗೋಕಾಗ್ಲಿಲ್ಲ.”

ಅವನ ಮೊಣಕೈಯ ಮಡಿಕೆಯಲ್ಲಿ ಸೂಜಿಯ ನೀಲಿ ಗುರುತಿತ್ತು. ಆ ತೋಳಿನ ರಕ್ತವನ್ನು ಕೈಯಲ್ಲಿ ಹಿಡಿದುಕೊಂಡೇ ಅವನನ್ನು ಬೈದಿದ್ದಳು. ಕಣ್ಣು ತುಂಬಿತು.

“ಅಯ್ಯೋ, ಅಳಬೇಕಾದವ್ನು ನಾನು. ಅರ್ಧ ಎಂಜೈಮಿನ ಗಂಡಿಗೆ ಇನ್ನು ಹೆಣ್ಣು ಕೊಡೋರ್ಯಾರು?”

ನಗಿಸಲೆಂದು ಆಡಿದ ಮಾತು. ಕೊನೆಗೆ ಅವನ ದನಿಯೇ ಕುಗ್ಗಿತು.

ಅವಳು ಕೋಟಿನ ತೋಳನ್ನು ಮೇಲಕ್ಕೆ ಮಡಚಿದಳು. ಮೊಣಕೈಯ ಬಳಿ ಹತ್ತಿ, ಅದರ ಮೇಲೆ ಪಟ್ಟಿ.

“ಇದೇನು?”

“ನಂದೂ ತೆಗೆಸಿ ಕೊಟ್ಟು ಬಂದೆ. ಡಾಕ್ಟರಮ್ಮನೇ ನೋಡ್ತಾರೆ. ನನ್ನ ಮೇಲೆ ಇವತ್ತು ನನಗೇ ನಂಬಿಕೆ ಇಲ್ಲ.”

“ನಿಮ್ದು ಯಾಕೆ?”

ಅವಳು ಪಟ್ಟಿಯ ಅಂಚನ್ನು ಬೆರಳಿಂದ ಒತ್ತಿ ಕೂರಿಸಿದಳು. ಅವನಿಗೆ ನಿಧಾನವಾಗಿ ಅರ್ಥವಾಯಿತು. ಐಸಿನ ತುಂಡೊಂದು ಬೆರಳಲ್ಲೇ ಕರಗಿ ತೊಟ್ಟಿಕ್ಕಿತು.

“ನಿಮ್ದೂ ಅರ್ಧ ಬಂದ್ರೆ?”

“ಇಬ್ರೂ ಹೋಗಿ ಡಾಕ್ಟರಮ್ಮನ ಮುಂದೆ ಕೂತು ಕೇಳೋಣ. ನೀವು ಬೇರೆ ರೂಟ್ ಹಿಡಿದ್ರೆ ನಾನೊಬ್ಳೇ ಹೋಗಿ ಏನಂತ ಕೇಳ್ಲಿ?”

ಬೆಳಗಿನಿಂದ ಕಾಣದ ನಗು ಅವನ ತುಟಿಯಂಚಿಗೆ ಬಂತು. “ಸರಿ, ರೂಟ್ ಬದಲಾಯ್ಸಲ್ಲ. ನಾಳೆ ನನ್ನ ಏನಂತ ಕರೀತೀರ?”

ಅವಳ ಮುಖ ಮತ್ತೆ ಬಿಸಿಯಾಯಿತು. ಮಧ್ಯಾಹ್ನದಿಂದ ಸುಟ್ಟ ಉರಿಯೇ ಬೇರೆ, ಇದು ಬೇರೆ. ನೆಲ ನೋಡುತ್ತಲೇ ಅಂದಳು:

“ರೀ, ಮುಚ್ಚಳ ಹಾಕಿ. ಐಸ್ ಕರಗುತ್ತೆ.”