ಮೂರನೇ ಬೋರಿನ ಮೀಟರು

ಆ ದಿನ ಎಲ್ಲರೂ ತಹಮೀನಾಗೆ ಚಪ್ಪಾಳೆ ತಟ್ಟಿದಾಗ ಯಶೋಧರಾ ಕೂಡ ತಟ್ಟಿದಳು. ತಾನೊಬ್ಬಳು ಕೈಕಟ್ಟಿ ಕೂತರೆ ಎದ್ದು ಕಾಣುತ್ತದೆ ಎಂಬ ಬುದ್ಧಿ ಆ ಗಳಿಗೆಯಲ್ಲೂ ಅವಳಿಗಿತ್ತು. ಅಂಗೈ ಉರಿಯುವಷ್ಟು ತಟ್ಟಿದಳು, ಹಲ್ಲು ಕಾಣುವಷ್ಟು ನಕ್ಕಳು. ಆಮೇಲೆ ಬಾತ್‌ರೂಮಿಗೆ ಹೋಗಿ ನಲ್ಲಿ ತಿರುವಿಟ್ಟುಕೊಂಡು ಅತ್ತಳು. ಅಳುವಾಗಲೂ ಎಷ್ಟು ಲೀಟರು ಹರಿದುಹೋಯಿತು ಎಂದು ಲೆಕ್ಕ ಹಾಕಿದಳು. ಅದು ಅವಳ ಉದ್ಯೋಗ.

ಶಿಗ್ಗಾವಿಯಿಂದ ಬಂಕಾಪುರದ ಕಡೆ ಹೋಗುವಾಗ ಹೈವೇ ಮಗ್ಗುಲಿಗೆ ಇರುವ ಕಾರ್ಖಾನೆ ಅದು. ಓಟಗಾರರ ಟೀ ಶರ್ಟು, ಕಬಡ್ಡಿ ಜೆರ್ಸಿ, ಟ್ರ್ಯಾಕ್ ಪ್ಯಾಂಟು, ಎಲ್ಲ ಅಲ್ಲೇ ಬಣ್ಣ ಕಂಡು ಅಲ್ಲೇ ಹೊಲಿಗೆಯಾಗಿ ಸಮುದ್ರ ದಾಟುತ್ತವೆ. ಕೊಳ್ಳುವ ಕಂಪನಿಯವರಿಗೆ ಈಗ ಬಟ್ಟೆಯೊಂದೇ ಸಾಲದು. ಒಂದು ಕಿಲೋ ಬಟ್ಟೆಗೆ ಎಷ್ಟು ನೀರು ಕುಡಿಸಿದಿರಿ, ಮುಂದಿನ ವರ್ಷ ಎಷ್ಟಕ್ಕೆ ಇಳಿಸುತ್ತೀರಿ ಎಂದು ಬರೆದುಕೊಡಬೇಕು. ಈ ಕಾರ್ಖಾನೆ ತೊಂಬತ್ತು ಲೀಟರಿನಿಂದ ಶುರುಮಾಡಿ ಮಾರ್ಚ್ ಕೊನೆಗೆ ಅರವತ್ತಕ್ಕೆ ಇಳಿಸುವುದಾಗಿ ಮಾತು ಕೊಟ್ಟಿತ್ತು. ಎಪ್ಪತ್ತೆರಡಕ್ಕೆ ಬಂದು ಎತ್ತು ಕೂತಂತೆ ಕೂತುಬಿಟ್ಟಿತ್ತು.

ಆ ಕೂತ ಎತ್ತನ್ನು ಎಬ್ಬಿಸುವ ಉಪಾಯ ಯಶೋಧರಾಳದು. ಬಟ್ಟೆಗೆ ಬಣ್ಣ ಹಾಕುವ ಡೈಯಿಂಗ್ ವಿಭಾಗದ ಗಟಾರದ ಬಳಿ ದಿನಗಟ್ಟಲೆ ನಿಂತು ಅವಳು ಒಂದು ಸಂಗತಿ ಕಂಡುಕೊಂಡಿದ್ದಳು. ತಿಳಿಬಣ್ಣದ ಬಟ್ಟೆಯನ್ನು ಕೊನೆಯ ಸಲ ಜಾಲಾಡಿದ ನೀರು ಬಹಳಮಟ್ಟಿಗೆ ಸ್ವಚ್ಛವಾಗಿಯೇ ಇರುತ್ತದೆ. ಅದನ್ನು ಹೊರಗೆ ಬಿಡದೆ ಕರಿ ಬಟ್ಟೆ, ನೀಲಿ ಬಟ್ಟೆಯ ಮೊದಲ ತೊಳೆತಕ್ಕೆ ತಿರುಗಿಸಿದರೆ? ಇದನ್ನು ಅವಳು ಹೇಳಿದ್ದು ಒಬ್ಬಳಿಗೇ. ಕ್ಯಾಂಟೀನಿನಲ್ಲಿ ಒಂದೇ ಡಬ್ಬಿಯಿಂದ ಸವಣೂರ ಖಾರಾ ಮುಕ್ಕುತ್ತ ತಹಮೀನಾಗೆ ಹೇಳಿದ್ದಳು. ದೀಪಾವಳಿ ಮುಗಿದ ವಾರ ಮ್ಯಾನೇಜರ್ ಶಿವಾನಂದ ಸಾಹೇಬರು ಅದೇ ಉಪಾಯವನ್ನು ಪರದೆಯ ಮೇಲೆ ತೋರಿಸಿ, ಇದು ತಹಮೀನಾ ಅವರ ಯೋಜನೆ, ಇನ್ನು ಹಸಿರು ವಿಭಾಗಕ್ಕೆ ಅವರೇ ಮುಖ್ಯಸ್ಥರು ಎಂದರು. ತಹಮೀನಾ ತಲೆ ಎತ್ತಲಿಲ್ಲ, ಆದರೆ ಅಲ್ಲಗಳೆಯಲೂ ಇಲ್ಲ. ನೀರಿನ ಲೆಕ್ಕ ಅವಳ ಪಾಲಾಯಿತು. ಯಶೋಧರಾಗೆ ಕಸದ ಲೆಕ್ಕ ಬಂತು.

ಬೇರೆ ಯಾರಾದರೂ ಹೀಗೆ ಮಾಡಿದ್ದರೆ ಬೈದು ಮರೆಯಬಹುದಿತ್ತು. ಚಿಕ್ಕೇರೂರಿನ ಯಶೋಧರಾ, ಸವಣೂರಿನ ತಹಮೀನಾ ಒಂದೇ ತಿಂಗಳಲ್ಲಿ ಕೆಲಸಕ್ಕೆ ಸೇರಿ, ಅಕ್ಕಪಕ್ಕದ ಮಷೀನಿಗೆ ಕೂತು, ಒಟ್ಟಿಗೆ ಓದಿ ಆಫೀಸಿನ ಮೆಟ್ಟಿಲು ಹತ್ತಿದವರು. ಒಂಬತ್ತು ವರ್ಷದ ಹಿಂದೆ ಯಶೋಧರಾಳ ಮಷೀನಿನ ಸೂಜಿ ಮುರಿದಿತ್ತು. ಹೊಲಿಗೆಯವರಿಗೆ ಅದು ಸಣ್ಣ ಮಾತಲ್ಲ. ಮೈಗೆ ಅಂಟುವ ಬಟ್ಟೆಯಲ್ಲಿ ಸೂಜಿ ಮೊನೆ ಉಳಿದರೆ ತೊಟ್ಟವರ ಗತಿ ಏನು? ಅದಕ್ಕೇ ಮುರಿದ ತುಂಡುಗಳನ್ನೆಲ್ಲ ಹುಡುಕಿ, ಜೋಡಿಸಿ, ಪೂರ್ತಿ ಸೂಜಿಯಾಯಿತೆಂದು ತೋರಿಸಿ, ರಿಜಿಸ್ಟರಿನಲ್ಲಿ ಟೇಪು ಹಚ್ಚಿ ಅಂಟಿಸಿ ಸಹಿ ಮಾಡಬೇಕು. ಆ ದಿನ ಮೊನೆ ಸಿಗಲೇ ಇಲ್ಲ. ಸೂಜಿ ಹುಡುಕುವ ಮ್ಯಾಗ್ನೆಟ್ ಹಿಡಿದು ಇಬ್ಬರೂ ಸಂಜೆಯವರೆಗೆ ಮಂಡಿಯೂರಿ ನೆಲ ಸವರಿದರು. ಸವಣೂರಿನ ಬಸ್ಸು ತಪ್ಪಿದರೂ ತಹಮೀನಾ ಕದಲಲಿಲ್ಲ. ಮೊನೆ ಯಾವುದರಲ್ಲಿ ಸೇರಿದೆಯೋ ಎಂದು ಮೇಲಿನವರು ಇನ್ನೂರ ನಲವತ್ತು ಜೆರ್ಸಿಗಳನ್ನು ಇಬ್ಬರ ಕಣ್ಣೆದುರೇ ಕತ್ತರಿಸಿ ಹಾಕಿಸಿದರು. ಅಂಥವಳು ಹೀಗೆ ಮಾಡಿದಳಲ್ಲ ಎನ್ನುವುದೇ ಯಶೋಧರಾಳ ಎದೆಯಲ್ಲಿ ಮುಳ್ಳಿನಂತೆ ಚುಚ್ಚುತ್ತಿತ್ತು.

ಯೋಜನೆಗೆ ಅವಳು ಒಂದು ತಿಂಗಳು ತೆಗೆದುಕೊಂಡಳು. ಸಿಟ್ಟಿನಲ್ಲಿ ಮಾಡಿದ ಕೆಲಸ ಸೋರುತ್ತದೆ ಎಂದು ಅವಳಿಗೆ ಗೊತ್ತಿತ್ತು. ತಹಮೀನಾಳ ಲೆಕ್ಕ ತಪ್ಪಿಸಿದರೆ ಸಾಲದು, ಅದು ಬೇಕೆಂದೇ ಮಾಡಿದ ಮೋಸ ಎಂದು ಎಲ್ಲರೂ ನಂಬಬೇಕು. ನಂಬಿಸಲು ಸುಲಭದ ದಾರಿಯೆಂದರೆ ಅವಳನ್ನು ಗೆಲ್ಲಿಸುವುದು. ಗುರಿ ಮುಟ್ಟಬೇಕು, ಎಲ್ಲರೂ ಹಾಡಿ ಹೊಗಳಬೇಕು, ಆಮೇಲೆ ಮೀಟರಿನ ಹಿಂದೆ ಏನಿದೆ ಎಂದು ಯಾರಾದರೂ ಬಗ್ಗಿ ನೋಡಬೇಕು.

ಕಾರ್ಖಾನೆಗೆ ಮೂರು ಬೋರು. ಎರಡಕ್ಕೆ ಹೊಸ ಮೀಟರು ಬಂದಿವೆ, ಮೂರನೆಯದು ಹಳೆಯದು, ಮುಳ್ಳು ತಿರುಗುವಂಥದು. ಜೋರಾದ ಮ್ಯಾಗ್ನೆಟ್ ಪಕ್ಕಕ್ಕಿಟ್ಟರೆ ಆ ಮುಳ್ಳು ನಿಧಾನವಾಗುತ್ತದೆ, ನೀರು ಮಾತ್ರ ತನ್ನ ಪಾಡಿಗೆ ಹರಿಯುತ್ತದೆ. ಮೀಟರಿಗೆ ಜಾಳಿಗೆಯ ಪಂಜರ, ಪಂಜರಕ್ಕೆ ಕೀಲಿ. ಕೀಲಿಕೈ ಎರಡು, ಒಂದು ಪಂಪ್ ನೋಡಿಕೊಳ್ಳುವ ಖಾದರಸಾಬನ ಬಳಿ, ಇನ್ನೊಂದು ತಹಮೀನಾಳ ಬಳಿ. ನೀರಿನ ಲೆಕ್ಕ ತನ್ನ ಕೈಲಿದ್ದ ಕಾಲದಲ್ಲಿ ಬಂಕಾಪುರದಲ್ಲಿ ಮಾಡಿಸಿಕೊಂಡ ಮೂರನೆಯದೊಂದು ಯಶೋಧರಾಳ ಪರ್ಸಿನಲ್ಲಿತ್ತು. ಅದು ಯಾರಿಗೂ ಗೊತ್ತಿರಲಿಲ್ಲ.

ಮ್ಯಾಗ್ನೆಟ್ ಎಲ್ಲಿಂದ ತರುವುದು? ಕೊಂಡರೆ ಅಂಗಡಿಯವನು ಮುಖ ನೆನಪಿಡುತ್ತಾನೆ. ಅದೂ ಅವಳ ಬಳಿಯೇ ಇತ್ತು. ಸೂಜಿ ಮುರಿದ ಆ ಸಂಜೆ ಅತ್ತು ಸುಸ್ತಾಗಿ ಮನೆಗೆ ಹೋದಾಗ ಊಟದ ಚೀಲದಲ್ಲಿ ಆ ಮ್ಯಾಗ್ನೆಟ್ಟೂ ಬಂದುಬಿಟ್ಟಿತ್ತು. ಮತ್ತೆ ಬೈಸಿಕೊಳ್ಳಲು ಹೆದರಿ, ಎಲ್ಲೋ ಬಿದ್ದುಹೋಯಿತು ಎಂದಿದ್ದಳು. ಅಂದಿನಿಂದ ಅದು ಅವ್ವನ ಟಾಚಣಿ ಡಬ್ಬಿಯಲ್ಲಿ, ಗುಂಡುಸೂಜಿಗಳ ನಡುವೆ ಬಿದ್ದಿತ್ತು. ಕಬ್ಬಿಣದ ಬಟ್ಟಲಿನಲ್ಲಿ ಕೂರಿಸಿದ ಕರಿ ಬಿಲ್ಲೆ, ಮೇಲೆ ನಂಬರಿಲ್ಲ, ಹೆಸರಿಲ್ಲ. ಅದರ ಹೆಸರೆತ್ತುವ ಕಾಗದ ಇದ್ದರೆ ಸೂಜಿ ರಿಜಿಸ್ಟರಿನಲ್ಲಿ ಮಾತ್ರ. ಕಸದ ವಿಭಾಗಕ್ಕೆ ಬಂದ ಮೊದಲ ತಿಂಗಳಲ್ಲೇ ಅವಳು ಹಳೆ ಕಾಗದ ಮರುಬಳಕೆಯ ತನ್ನ ಗುರಿಯನ್ನು ಮುಟ್ಟಿದ್ದಳು. ಎಂಟುನೂರು ಕಿಲೋ. ಅದರಲ್ಲಿ ಐದು ವರ್ಷ ದಾಟಿದ ಸೂಜಿ ರಿಜಿಸ್ಟರುಗಳೆಲ್ಲ ಇದ್ದವು. ಅವನ್ನು ತಕ್ಕಡಿಗೆ ಹಾಕಿದವಳು ಅವಳೇ. ತಹಮೀನಾ ಕೊಡಿಸಿದ ಕಸದ ಕೆಲಸ ಹೀಗೆ ಉಪಕಾರಕ್ಕೆ ಬಂತು ಎಂದು ಅವಳಿಗೆ ನಗು ಬಂತು.

ಶುಕ್ರವಾರ ಮಧ್ಯಾಹ್ನ ಖಾದರಸಾಬ ನಮಾಜಿಗೆ ಬಂಕಾಪುರಕ್ಕೆ ಹೋಗುತ್ತಾನೆ. ಜನವರಿಯ ಎರಡನೇ ಶುಕ್ರವಾರ ಕಸದ ಬುಟ್ಟಿ ಎಣಿಸುವ ನೆಪದಲ್ಲಿ ಯಶೋಧರಾ ಪಂಪ್ ಮನೆಗೆ ಹೋದಳು. ಡೈಯಿಂಗ್‌ನವರ ರಬ್ಬರ್ ಕೈಗವಸು ತೊಟ್ಟು, ಮ್ಯಾಗ್ನೆಟ್ಟನ್ನು ಸೀಮೆಎಣ್ಣೆಯಲ್ಲಿ ಒರೆಸಿ, ಮೀಟರಿನ ಹಿಂದಿನ ಕಬ್ಬಿಣದ ಪಟ್ಟಿಗೆ ಅಂಟಿಸಿದಳು. ತೀರಾ ಹತ್ತಿರವಿಟ್ಟರೆ ಮುಳ್ಳು ನಿಂತೇಬಿಡುತ್ತದೆ. ಎರಡು ಬೆರಳು ದೂರ ಸರಿಸಿ, ನಾಲ್ಕರಲ್ಲಿ ಒಂದು ಪಾಲು ಮಾತ್ರ ಕದಿಯುವಂತೆ ಮಾಡಿದಳು. ದುರಾಸೆ ಮಾಡಿ ಸಿಕ್ಕಿಬೀಳುವವರ ಪೈಕಿ ಅವಳಲ್ಲ.

ಅದೇ ತಿಂಗಳು ಜಾಲಾಡಿದ ನೀರು ತಿರುಗಿಸುವ ಪೈಪೂ ಶುರುವಾಗಿತ್ತು. ಹಾಗಾಗಿ ಅಂಕಿ ಇಳಿದದ್ದಕ್ಕೆ ಯಾರೂ ಹುಬ್ಬೇರಿಸಲಿಲ್ಲ. ಅವಳ ಉಪಾಯ ನಿಜಕ್ಕೂ ಕೆಲಸ ಮಾಡುತ್ತಿತ್ತು, ಮ್ಯಾಗ್ನೆಟ್ ಇಲ್ಲದಿದ್ದರೂ ಅರವತ್ತರ ಆಸುಪಾಸಿಗೆ ಬರುತ್ತಿತ್ತು. ತನ್ನದೇ ಕೂಸಿನ ಕತ್ತು ಹಿಚುಕುತ್ತಿದ್ದೇನೆ ಎಂದು ಒಮ್ಮೊಮ್ಮೆ ಅನಿಸುತ್ತಿತ್ತು. ಕೂಸಿಗೆ ಬೇರೆಯವಳ ಹೆಸರಿಟ್ಟಿದ್ದಾರಲ್ಲ ಎಂದು ಸಮಾಧಾನ ಮಾಡಿಕೊಳ್ಳುತ್ತಿದ್ದಳು.

ಫೆಬ್ರವರಿ ಕೊನೆಗೆ ಬೋರ್ಡಿನ ಮೇಲೆ ಐವತ್ತೇಳು ಎಂದು ಹಸಿರು ಅಕ್ಷರದಲ್ಲಿ ಬರೆದರು. ತಹಮೀನಾ ಎಲ್ಲರಿಗೂ ಪೇಡೆ ಹಂಚಿ, ಕೊನೆಗೆ ಕಸದ ವಿಭಾಗಕ್ಕೂ ಬಂದಳು. ಬಾಗಿಲಲ್ಲೇ ನಿಂತಳು.

"ಆವತ್ತ ಸಾಹೇಬ್ರು ಇದು ಯಾರ ಉಪಾಯ ಅಂತ ಕೇಳಿದ್ರು, ಯಶೋಧಾ. ನಿನ್ನ ಹೆಸರ ನಾಲಿಗಿ ತುದಿತನಕ ಬಂತು. ಹೊರಗ ಬರ್ಲಿಲ್ಲ. ಮಾರ್ಚ್ ಒಂದ ಮುಗೀಲಿ, ನಾನ ಹೋಗಿ ಎಲ್ಲಾ ಹೇಳ್ತೇನಿ."

"ಪೇಡೆ ಚಲೋ ಅದಾವ" ಎಂದಳು ಯಶೋಧರಾ.

ಮರುದಿನ ಶುಕ್ರವಾರ. ಪಂಪ್ ಮನೆ ಖಾಲಿಯಿತ್ತು, ಕೀಲಿಕೈ ಪರ್ಸಿನಲ್ಲಿತ್ತು. ಮ್ಯಾಗ್ನೆಟ್ ಕಿತ್ತು ಕೆರೆಗೆಸೆದು ಬಂದಿದ್ದರೆ ಇಬ್ಬರೂ ಉಳಿಯುತ್ತಿದ್ದರು. ಯಶೋಧರಾ ಅರ್ಧ ಗಂಟೆ ಕೂತಲ್ಲೇ ಕೂತಳು. ಒಂಬತ್ತು ವರ್ಷದ ಗೆಳತಿಯ ಹೆಸರು ನಾಲಿಗೆಯಿಂದ ಹೊರಬರಲು ಮಾರ್ಚ್ ಮುಗಿಯಬೇಕಂತೆ! ಆ ಒಂದು ಮಾತು ಅವಳ ಮನಸ್ಸನ್ನು ಕಲ್ಲು ಮಾಡಿತು. ಮುಂದಿನ ವಾರ ಅಕ್ಕಿಆಲೂರ ಸಂತೆಗೆ ಹೋದವಳು, ಕೊಳ್ಳುವ ಕಂಪನಿಯ ಬೆಂಗಳೂರು ಆಫೀಸಿಗೆ ಎಡಗೈಲಿ ಬರೆದ, ಹೆಸರಿಲ್ಲದ ನಾಲ್ಕು ಸಾಲಿನ ಕಾಗದವನ್ನು ಅಲ್ಲಿನ ಅಂಚೆ ಡಬ್ಬಿಗೆ ಹಾಕಿ, ಬದನೆಕಾಯಿ ಕೊಂಡು ವಾಪಸು ಬಂದಳು.

ಮಾರ್ಚ್ ಮೂರನೇ ವಾರ ಬೆಂಗಳೂರಿನಿಂದ ತಪಾಸಣೆಯ ಮೇಡಂ ಬಂದರು. ನೇರವಾಗಿ ಮೂರನೇ ಬೋರಿಗೆ ಹೋದರು. ಮಧ್ಯಾಹ್ನದ ಹೊತ್ತಿಗೆ ಮ್ಯಾಗ್ನೆಟ್ ಮೀಟಿಂಗ್ ಕೋಣೆಯ ಮೇಜಿನ ಮೇಲಿತ್ತು. ಕೀಲಿಕೈ ಇದ್ದ ಇಬ್ಬರಲ್ಲಿ ಖಾದರಸಾಬನಿಗೆ ಅಂಕಿ ಇಳಿದರೂ ಏರಿದರೂ ಒಂದೇ, ಲಾಭವಾದದ್ದು ತಹಮೀನಾಗೆ. ಅವಳು ದುಪಟ್ಟಾದ ತುದಿ ಬಾಯಿಗಿಟ್ಟುಕೊಂಡು ಅಳುತ್ತಿದ್ದಳು. ಶಿವಾನಂದ ಸಾಹೇಬರು ಅವಳ ಕೆಲಸ ಬಿಡಿಸುವ ಕಾಗದ ತಯಾರು ಮಾಡಲು ಆಗಲೇ ಹೇಳಿಯಾಗಿತ್ತು. ಮೊದಲು ನೀರಿನ ಲೆಕ್ಕ ನೋಡುತ್ತಿದ್ದವಳೆಂದು ಯಶೋಧರಾಳನ್ನೂ ಕರೆಸಿದರು. ಅವಳು ಇದಕ್ಕೂ ತಯಾರಾಗಿದ್ದಳು. ಕೀಲಿಕೈ ಯಾವಾಗಲೋ ಒಪ್ಪಿಸಿದ್ದಾಗಿ ಹೇಳಿ, ಒಪ್ಪಿಸಿದ ಚೀಟಿಯನ್ನೂ ತೋರಿಸಿದಳು. ಹೊರಡುವ ಮುಂಚೆ ಒಂದು ಒಳ್ಳೆಯ ಮಾತನ್ನೂ ಸೇರಿಸಿದಳು.

"ತಹಮೀನಾ ಅಂಥಾಕಿ ಅಲ್ರಿ, ಮೇಡಂ. ಏನ ಒತ್ತಡಾ ಇತ್ತೋ ಏನೋ."

ತಹಮೀನಾ ಕೃತಜ್ಞತೆಯಿಂದ ಅವಳ ಕಡೆ ನೋಡಿದಳು. ಆ ನೋಟ ಮಾತ್ರ ಯೋಜನೆಯಲ್ಲಿ ಇರಲಿಲ್ಲ. ಯಶೋಧರಾ ಮುಖ ತಿರುಗಿಸಿದಳು.

ಅಷ್ಟರಲ್ಲಿ ಸೂಜಿ ಕೌಂಟರಿನ ಶಾಕೀರಾ ಬಂದಳು. ಹೊಲಿಗೆ ವಿಭಾಗದ ಸೂಜಿ, ಕತ್ತರಿ, ಮ್ಯಾಗ್ನೆಟ್ಟುಗಳ ಎಣಿಕೆ ಹನ್ನೆರಡು ವರ್ಷದಿಂದ ಅವಳದೇ. ಇದು ನಿಮ್ಮ ಕಡೆಯದೇನು ಎಂದು ಕೇಳಲು ಮೇಡಂ ಕರೆಸಿದ್ದರು. ಶಾಕೀರಾ ಅದನ್ನು ಬೆಳಕಿಗೆ ಹಿಡಿದು ತಿರುಗಿಸಿದಳು. ತಲೆಯ ಪಿನ್ನು ತೆಗೆದು, ಬಿಲ್ಲೆಗೂ ಬಟ್ಟಲಿಗೂ ನಡುವಿನ ಸಂದಿಯಲ್ಲಿ ನಿಧಾನವಾಗಿ ಕೆರೆದಳು. ತುಕ್ಕು ಹಿಡಿದ ಏನೋ ಒಂದು ಚೂರು, ಎಳ್ಳಿಗಿಂತ ತುಸು ಉದ್ದದ್ದು, ಪಿನ್ನಿಗೆ ಅಂಟಿಕೊಂಡು ಹೊರಬಂತು. ಅವಳು ಎದ್ದುಹೋಗಿ, ಪ್ಲಾಸ್ಟಿಕ್ ಹಾಳೆಯೊಳಗೆ ಇಟ್ಟಿದ್ದ ಒಂದೇ ಒಂದು ಪುಟ ಹಿಡಿದು ಬಂದಳು.

"ಹಳೇ ರಿಜಿಸ್ಟರ್ ಎಲ್ಲಾ ರದ್ದಿಗೆ ಹೋಗ್ಯಾವ್ರಿ, ಮೇಡಂ" ಎಂದಳು ಶಾಕೀರಾ. "ಆದ್ರ ತುಂಡ ಸಿಗದ ಪುಟಾ ನಾವು ರದ್ದಿಗೆ ಹಾಕಂಗಿಲ್ಲ, ಹರದ ಇಟ್ಕೋತೇವಿ. ಸೂಜಿ ಪೂರ್ತಿ ಆಗೂತನಕ ಆ ಪುಟಾ ಮುಗೀದಿಲ್ರಿ." ಹಳದಿಗೆ ತಿರುಗಿದ ಟೇಪಿನ ಕೆಳಗೆ ಸೂಜಿಯ ಎರಡು ತುಂಡುಗಳಿದ್ದವು, ಅವುಗಳ ಮುಂದೆ ಮೊನೆಗಾಗಿ ಬಿಟ್ಟ ಜಾಗ ಒಂಬತ್ತು ವರ್ಷದಿಂದ ಖಾಲಿಯಿತ್ತು. ಶಾಕೀರಾ ಪಿನ್ನಿನ ತುದಿಯಿಂದ ಆ ಚೂರನ್ನು ಅಲ್ಲಿಗೆ ಸರಿಸಿದಳು. ಮುರಿದ ಅಂಚಿಗೆ ಅಂಚು ಕೂಡಿ ಸೂಜಿ ಪೂರ್ತಿಯಾಯಿತು. ಅಳು ನಿಲ್ಲಿಸಿ ಎಲ್ಲರಿಗಿಂತ ಮೊದಲು ಬಗ್ಗಿ ನೋಡಿದವಳು ತಹಮೀನಾ. ಸೂಜಿಯ ಕೆಳಗೆ ಎರಡು ಸಾಲಿದ್ದವು: ಮೊನೆ ಸಿಕ್ಕಿಲ್ಲ, ಹುಡುಕಲು ಒಯ್ದ ಮ್ಯಾಗ್ನೆಟ್ ವಾಪಸು ಬಂದಿಲ್ಲ. ಅದರ ಕೆಳಗೆ, ಒಯ್ದವರ ಸಹಿ ಎಂಬಲ್ಲಿ, ಆಗಿನ ಗುಂಡಗಿನ ಅಕ್ಷರದಲ್ಲಿ ಯಶೋಧರಾ ಎಂದಿತ್ತು.