ಕೆಂಪುಹೊಟ್ಟೆ ಮೀನೂ ಕದ್ದ ಕಲ್ಲುಗಳೂ

ಬೆಟ್ಟಗಳಿಗೆ ಇನ್ನೂ ಹೆಸರಿಡದ ಕಾಲದಲ್ಲಿ ನುಣುಗಲ್ಲು ಅಂತ ಒಂದು ರಾಜ್ಯವಿತ್ತು. ಅಲ್ಲೊಂದು ತಣ್ಣನೆಯ ಹೊಳೆ, ತಳದ ಕಲ್ಲು ಕಾಣುವಷ್ಟು ತಿಳಿನೀರು. ಅದರಲ್ಲಿ ಬೆರಳುದ್ದದ ಮೀನುಗಳು. ವಸಂತ ಬಂತೆಂದರೆ ಗಂಡುಮೀನಿನ ಹೊಟ್ಟೆ ಕುಂಕುಮ ಬಳಿದ ಹಾಗೆ ಕೆಂಪಾಗುತ್ತಿತ್ತು. ಪಾಪ, ಅವುಗಳ ಆಯುಸ್ಸು ಮೂರೇ ವಸಂತ.

ಆ ರಾಜ್ಯಕ್ಕೆ ಡಂಬರಾಯನೆಂಬ ಮಾಂತ್ರಿಕ ವಕ್ಕರಿಸಿದ. ಹೊಳೆಯ ಕಲ್ಲನ್ನೆಲ್ಲ ಬಾಚಿ ತನಗೊಂದು ಗೋಪುರ ಕಟ್ಟಿಕೊಂಡ. ಹೊಳೆ ಕೆಸರಾಯಿತು. ಹೊಳೆ ಕಾಯುವ ಮಾಚ ಅಡ್ಡ ನಿಂತು, "ಯಾರಪ್ಪನ ಆಸ್ತಿ ಅಂತ ಹೊರ್ತೀಯೋ?" ಅಂದ. ಅಂದದ್ದೇ ತಪ್ಪಾಯಿತು. ಮಾಂತ್ರಿಕ ಅವನನ್ನು ಬೆರಳುದ್ದದ ಮೀನು ಮಾಡಿ ನೀರಿಗೆಸೆದ. "ಈ ಮೀನುಗಳಿಗೆ ಮತ್ತೆ ಮರಿ ಹುಟ್ಟಿದ ದಿನ ಮನುಷ್ಯನಾಗು, ಹೋಗು," ಅಂತ ಹಲ್ಲು ಕಿರಿದ.

ಮಾಚನ ಅಕ್ಕ ಬೊಮ್ಮಕ್ಕನಿಗೆ ಮೈಯೆಲ್ಲ ಉರಿಯಿತು. ನ್ಯಾಯ ಕೇಳಲು ಅರಮನೆಗೆ ಹೋದಳು. ರಾಜನೋ, ಮಾಂತ್ರಿಕನ ಹೆಸರೆತ್ತಿದರೆ ಬೆವರುವವನು. "ಮೀನಿಗೆ ನೀರು ತಾನೇ ಬೇಕು?" ಅಂತ ಒಂದು ಬಂಗಾರದ ಹಂಡೆ ಕೊಟ್ಟು ಕೈತೊಳೆದುಕೊಂಡ. ಥೂ, ಇವನೂ ಒಬ್ಬ ರಾಜ!

ಮೊದಲ ವಸಂತದಲ್ಲಿ ಬೊಮ್ಮಕ್ಕ ತಮ್ಮನನ್ನೂ ಹತ್ತಾರು ಮೀನುಗಳನ್ನೂ ಹಂಡೆಯಲ್ಲಿ ಬಿಟ್ಟಳು. ಹರಿಯದ ನೀರಲ್ಲಿ ಮೀನುಗಳು ಬಾಯಿ ಬಾಯಿ ಬಿಟ್ಟವು. "ಈ ಬಂಗಾರಕ್ಕಿಷ್ಟು ಬೆಂಕಿ ಹಾಕ!" ಅಂತ ತಿರುಗಿ ಹೊಳೆಗೇ ಬಿಟ್ಟಳು. ಎರಡನೆಯ ವಸಂತದಲ್ಲಿ ಮೀನುಗಳು ಹೊಳೆಯ ತಳದಲ್ಲಿ ಮೊಟ್ಟೆಯಿಟ್ಟವು. ಮೇಲೆ ಕೆಸರು ಕೂತು ಒಂದೂ ಉಳಿಯಲಿಲ್ಲ.

ಮೂರನೆಯದೇ ಕೊನೆಯ ವಸಂತ. ಅವಳು ಮಡಿಲು ತುಂಬ ಕಲ್ಲು ಆಯ್ದು ತಂದು ಹರಿವಿಗೆ ಸುರಿದಳು. ಅವಳು ಕಂಡಾಗಲೆಲ್ಲ ಅಟ್ಟುತ್ತಿದ್ದ, ತಲೆತುಂಬ ಗುಳ್ಳೆಯೆದ್ದ ದೊಡ್ಡ ಮೀನು ಮತ್ತೆ ಬಂದು ಕಲ್ಲು ಕಚ್ಚತೊಡಗಿತು. ತಮ್ಮನನ್ನು ನುಂಗಲು ಬಂತೆಂದು ಬೊಮ್ಮಕ್ಕ ಕೋಲೆತ್ತಿದಳು.

"ಅಕ್ಕಾ, ಹೊಡೀಬೇಡ್ವೇ!" ನೀರೊಳಗಿಂದ ಮಾಚ ಕೂಗಿದ. "ನನಗೂ ಈಗಲೇ ತಿಳಿದದ್ದು, ನಮ್ಮ ಜಾತಿಗೆ ಗೂಡು ಕಟ್ಟೋಕೆ ಬರಲ್ಲ. ಅವನು ಬಾಯಲ್ಲಿ ಕಲ್ಲು ಹೊತ್ತು ಗುಡ್ಡೆ ಹಾಕ್ತಾನೆ. ಅದರ ಸಂದಿಯಲ್ಲೇ ನಮ್ಮ ಮೊಟ್ಟೆ ಇಡೋದು. ಕಾವಲೂ ಅವನದೇ!"

"ಅಯ್ಯೋ ನನ್ನ ಬುದ್ಧಿಗಿಷ್ಟು! ಎರಡು ವರ್ಷದಿಂದ ಇವನನ್ನೇ ಅಟ್ಟುತ್ತಿದ್ದೆನಲ್ಲೋ! ಇಷ್ಟು ಕಲ್ಲು ಸಾಕೇನೋ?"

"ಎಲ್ಲಿ ಸಾಕು? ಸಾವಿರಾರು ಬೇಕು."

ಸಾವಿರಾರು ಕಲ್ಲು ಇದ್ದದ್ದು ಗೋಪುರದಲ್ಲಿ. ಬೊಮ್ಮಕ್ಕ ಸೆರಗು ಬಿಗಿದು ನಡೆದಳು.

ಬುಡದ ಒಂದು ಕಲ್ಲು ಕಿತ್ತಳು. ಬಿರುಗಾಳಿ ಎದ್ದಿತು. "ಬೀಸು, ಎಷ್ಟು ಬೀಸ್ತೀಯೋ ನೋಡ್ತೀನಿ!" ಅಂದಳು. ಗಾಳಿ ಬೀಸಿ ಬೀಸಿ ಸುಸ್ತಾಯಿತು.

ಎರಡನೆಯ ಕಲ್ಲು ಕಿತ್ತಳು. ಗೋಡೆಯಿಂದ ಕಲ್ಲುಹುಲಿ ಎದ್ದು ಗರ್ಜಿಸಿತು. "ನಿನ್ನ ತವರೂ ಹೊಳೆಯೇ ಅಲ್ವೇನೋ? ತವರು ಹಾಳಾಗ್ತಿದ್ರೆ ಕಳ್ಳನ ಮನೆ ಕಾಯ್ತೀಯಾ?" ಅಂದಳು. ಹುಲಿ ತಲೆ ತಗ್ಗಿಸಿ ಮಲಗಿತು.

ಮೂರನೆಯದಕ್ಕೆ ಕೈಹಾಕಿದಾಗ ಡಂಬರಾಯನೇ ಓಡಿಬಂದ. "ನಿನ್ನನ್ನೂ ಮೀನು ಮಾಡ್ತೀನಿ!"

"ಮಾಡೋ, ಮೂರು ಕಾಸಿನ ಮಾಂತ್ರಿಕ! ಊರನ್ನೆಲ್ಲ ಮೀನು ಮಾಡು. ಆಮೇಲೆ ನಿನಗೆ ಹೆದರೋಕೆ ಯಾರಿರ್ತಾರೆ?"

ಮಾಂತ್ರಿಕ ಮಂತ್ರ ಹಾಕಲು ಕೈಯೆತ್ತಿದ. ಅಷ್ಟರಲ್ಲಿ ಕಲ್ಲು ಅವಳ ಕೈಗೆ ಬಂತು. ಗೋಪುರ ದಡದಡ ಕುಸಿದು, ಕಲ್ಲುಗಳೆಲ್ಲ ಉರುಳುತ್ತ ಹೊಳೆ ಸೇರಿದವು. ಡಂಬರಾಯ ದೂಳಾಗಿ ಹಾರಿಹೋದ.

ಹೊಳೆ ತಿಳಿಯಾಯಿತು. ಗುಳ್ಳೆತಲೆಯವನು ಗುಡ್ಡೆ ಕಟ್ಟಿದ. ಕೆಂಪುಹೊಟ್ಟೆಯವು ಬಂದು ಮುತ್ತಿದವು. ಐದನೆಯ ದಿನ ಮೊಟ್ಟೆಗಳು ಒಡೆದವು. ಮೊಣಕಾಲುದ್ದದ ನೀರಲ್ಲಿ ಮಾಚ ಮನುಷ್ಯನಾಗಿ ಎದ್ದು ನಿಂತ. ಅಕ್ಕ ಅವನನ್ನು ತಬ್ಬಿಕೊಂಡು ಅತ್ತಳು, ನಕ್ಕಳು.

ಸುದ್ದಿ ತಿಳಿದ ರಾಜ ಶಾಲು ಹಿಡಿದು, ವಾದ್ಯ ಊದಿಸುತ್ತ ಬಂದ. "ಭಲೇ ಬೊಮ್ಮಕ್ಕ!" ಅನ್ನುತ್ತ ಜರಿಯ ಜೋಡಿನ ಕಾಲನ್ನು ಹೊಳೆಗಿಟ್ಟ.

"ಕಾಲು ತೆಗೀರಿ ಸ್ವಾಮಿ!" ಬೊಮ್ಮಕ್ಕ ಗದರಿದಳು. "ಮರಿಗಳಿನ್ನೂ ಕಲ್ಲಿನ ಸಂದಿಯಲ್ಲಿವೆ. ಬೇಕಾದಾಗ ಬರದ ಕಾಲು ಈಗೇಕೆ?"

ರಾಜ ಕಾಲು ತೆಗೆದ. ಆಮೇಲೆ ಆ ರಾಜ್ಯದಲ್ಲಿ ಮೀನೂ ಮನುಷ್ಯರೂ ಸುಖವಾಗಿ ಬಾಳಿದರು. ವಸಂತದಲ್ಲಿ ಹೊಳೆಗಿಳಿಯಬೇಕಾದರೆ ಮಾತ್ರ ರಾಜನೂ ಬೊಮ್ಮಕ್ಕನ ಅಪ್ಪಣೆ ಕೇಳಬೇಕಿತ್ತು.